ಹಿರಿಯರಿಗೆ ಮೊದಲ ಪ್ಲೇಟು

ಹಾಲಸಿದ್ದಪ್ಪನವರು ಫೋಟೋ ತೆಗೆಯುವುದನ್ನು ಬಿಡುತ್ತಾರೆಂಬ ಸುದ್ದಿಯನ್ನು ನಮ್ಮ ಮನೆಗೆ ತಂದವರು ಹಾಲಸಿದ್ದಪ್ಪನವರೇ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದ್ದ ತಮ್ಮ ಸ್ಟುಡಿಯೋದಿಂದ ನಮ್ಮ ಮನೆಯವರೆಗೆ, ಪೊರೆ ಬಂದ ಕಣ್ಣುಗಳಲ್ಲಿ ದಾರಿ ಹುಡುಕಿಕೊಂಡು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಡೆದು ಬಂದಿದ್ದರು. ಸುದ್ದಿ ಬೇರೆ ಯಾರ ಬಾಯಿಂದಲೋ ಚನ್ನವೀರತ್ತೆಯ ಕಿವಿಗೆ ಬೀಳಬಾರದು ಎನ್ನುವುದಷ್ಟೇ ಅವರ ಕಾಳಜಿಯಾಗಿತ್ತು.

ಚನ್ನವೀರಮ್ಮ ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡಿದ್ದ. ಅಪ್ಪ ಅವಳನ್ನು ಬಳ್ಳಾರಿಗೆ ಕರೆತಂದು ನಮ್ಮ ಜೊತೆಯಲ್ಲೇ ಇಟ್ಟುಕೊಂಡರು. ಅಪ್ಪ, ಉಜ್ಜಿನಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ಅತ್ತೆಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಆದರೂ ಊಟಕ್ಕೆ ಎಲ್ಲರಿಗಿಂತ ಕಡೆಗೆ ಕೂರುವುದು, ಹೊಸ ಸೀರೆ ಬೇಡವೆನ್ನುವುದು, ನೆಂಟರು ಬಂದರೆ ಅಡುಗೆಮನೆ ಬಿಟ್ಟು ಹೊರಗೆ ಬಾರದಿರುವುದು, ಇವನ್ನೆಲ್ಲ ಅವಳು ತಾನಾಗಿಯೇ ಕಲಿತುಕೊಂಡಿದ್ದಳು. ತನ್ನದು ಎಂದು ಅವಳಿಗೆ ಇದ್ದದ್ದು ತಾಯಿ ಕೊಟ್ಟ ಒಂದು ಜೊತೆ ಬಂಗಾರದ ಪಾಟ್ಲಿ ಬಳೆ. ಅದನ್ನು ಕೈಗೆ ಹಾಕಿಕೊಳ್ಳುವಂತಿರಲಿಲ್ಲ. ಟ್ರಂಕಿನ ತಳದಲ್ಲಿ ಹಳೆಯ ಕುಪ್ಪಸದೊಳಗೆ ಸುತ್ತಿಟ್ಟಿದ್ದಳು. ಅದನ್ನು ಬಿಟ್ಟರೆ ಹಾಲಸಿದ್ದಪ್ಪನವರು ಕಲಿಸಿದ ಕೆಲಸ.

ಆಗ ಕಪ್ಪು ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಾಕಿಸಿಕೊಳ್ಳುವ ರೂಢಿಯಿತ್ತು. ಕೆನ್ನೆಗೆ ತುಸು ಕೆಂಪು, ಸೀರೆಯ ಅಂಚಿಗೆ ಹಸಿರು, ಮೂಗುತಿಗೆ ಸೂಜಿಮೊನೆಯಷ್ಟು ಹಳದಿ. ಹಾಲಸಿದ್ದಪ್ಪನವರು ಒಮ್ಮೆ ಅಪ್ಪನ ಬಳಿ ಬಂದು, ತಮ್ಮ ಕೈ ನಡುಗುತ್ತಿದೆ, ಮನೆಯಲ್ಲೇ ಕೂತು ಬಣ್ಣ ಹಾಕುವವರು ಬೇಕು, ನಿಮ್ಮ ತಂಗಿಯ ರಂಗೋಲಿ ನೋಡಿದ್ದೇನೆ ಎಂದು ಕೇಳಿದ್ದರು. ಅವರ ಕೈ ಆಗ ನಡುಗುತ್ತಿರಲಿಲ್ಲವೆಂದು ಅವರ ಹೆಂಡತಿ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ಬಣ್ಣದ ಕೆಲಸ ಕೈಹತ್ತಿದ ಮೇಲೆ ಅತ್ತೆ ಕತ್ತಲೆ ಕೋಣೆಯ ಕೆಲಸವನ್ನೂ ಕಲಿತಳು. ಕೆಂಪು ದೀಪದ ಬೆಳಕಿನಲ್ಲಿ ಅವರು ಹೇಳಿಕೊಡುವಷ್ಟು ಹೊತ್ತೂ ಅವರ ಹೆಂಡತಿ, ಆ ತಾಯಿ, ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೂತಿರುತ್ತಿದ್ದರು. ಊರಿನ ಬಾಯಿಗೆ ಅತ್ತೆ ಸಿಗಬಾರದೆಂದು ತಮ್ಮ ಮನೆಗೆಲಸವನ್ನು ಅಲ್ಲಿಗೇ ತಂದುಕೊಂಡಿದ್ದರು.

ಅವತ್ತು ಹಾಲಸಿದ್ದಪ್ಪನವರು ಪಡಸಾಲೆಯಲ್ಲಿ ಕೂತು ನೀರು ಕುಡಿದು, ಬಂದ ವಿಷಯ ಹೇಳಿದರು. ಕಣ್ಣು ಕೈಕೊಟ್ಟಿವೆ, ಕ್ಯಾಮೆರಾ ಮಾರಿಬಿಡುತ್ತೇನೆ, ಚನ್ನವೀರಮ್ಮ ತೆಗೆದುಕೊಳ್ಳುವಳೇನೋ ಎಂದು ಹೊರಗಿನವರಿಗೆ ಹೇಳುವ ಮುಂಚೆ ಇಲ್ಲಿಗೆ ಬಂದೆ ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಅವರದು ಗಾಜಿನ ಪ್ಲೇಟಿನ ಕ್ಯಾಮೆರಾ. ಔಷಧಿ ಬಳಿದ ಗಾಜಿನ ಹಲಗೆಯ ಮೇಲೆ ಅದರಲ್ಲಿ ಚಿತ್ರ ಮೂಡುತ್ತಿತ್ತು. ಆ ಅಳತೆಯ ಪ್ಲೇಟುಗಳನ್ನು ಇನ್ನು ತರಿಸುವುದಿಲ್ಲ, ಇರುವ ದಾಸ್ತಾನು ತೀರಿದರೆ ಮುಗಿಯಿತು ಎಂದು ಮದರಾಸಿನ ಅಂಗಡಿಯವರು ತಿಳಿಸಿದ್ದರಂತೆ. ಎಲ್ಲರೂ ಸುರುಳಿ ಫಿಲ್ಮಿನ ಸಣ್ಣ ಕ್ಯಾಮೆರಾಗಳಿಗೆ ಹೋಗುತ್ತಿದ್ದರು.

"ತಗೋ ಅನ್ನಾಕ ಬಾಯಿ ಬರವಲ್ದು, ಬ್ಯಾಡ ಅನ್ನಾಕ ಮನಸ ಬರವಲ್ದು," ಎಂದರು ಹಾಲಸಿದ್ದಪ್ಪನವರು. "ಎಣ್ಣಿ ತೀರಾಕ ಬಂದ ದೀಪ ಐತವ್ವಾ ಇದು. ಬತ್ತಿ ಮಾತ್ರ ಭಾಳ ಛಲೋ ಐತಿ."

ಅಪ್ಪ ಗಣಿತದ ಮೇಷ್ಟ್ರು. ದಾಸ್ತಾನು ಎಷ್ಟು ಕಾಲ ಬರಬಹುದು, ಒಂದು ವರ್ಷವೋ ಎರಡೋ ಎಂದು ಕೇಳಿದರು. ಅದು ಐವತ್ತಮೂರನೇ ಇಸವಿ. ಬಳ್ಳಾರಿ ಆಂಧ್ರಕ್ಕೆ ಸೇರಬೇಕೋ ಮೈಸೂರಿಗೋ ಎಂದು ಊರಿನ ಕಟ್ಟೆ ಕಟ್ಟೆಯ ಮೇಲೂ ವಾದ ನಡೆಯುತ್ತಿದ್ದ ಕಾಲ.

"ಮೇಷ್ಟ್ರ, ನಮ್ಮ ಊರು ಯಾ ರಾಜ್ಯಕ್ಕ ಹೋಗ್ತೈತಿ ಅಂತ ದಿಲ್ಲ್ಯಾಗ ಕುಂತೋರಿಗೇ ಗೊತ್ತಿಲ್ಲ," ಎಂದರು ಹಾಲಸಿದ್ದಪ್ಪನವರು. "ಪ್ಲೇಟು ಯಾವಾಗ ನಿಲ್ತಾವ ಅಂತ ಬ್ರೂಸ್‌ಪ್ಯಾಟ್ಯಾಗ ಕುಂತ ನನಗ ಹೆಂಗ ಗೊತ್ತಾಗ್ಬೇಕು?"

ಅತ್ತೆ ಅಡುಗೆಮನೆಯ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹಾಲಸಿದ್ದಪ್ಪನವರು ಹೊರಟಾಗ ನನ್ನನ್ನು ಕರೆದು, ಛತ್ರಿ ಹಿಡಿದು ಅವರನ್ನು ಮನೆ ಮುಟ್ಟಿಸಿ ಬಾ ಎಂದಳು.

ನಾನು ಅನಂತಪುರದ ಕಾಲೇಜಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ನನ್ನ ಜೊತೆಯ ಹುಡುಗಿಯೊಬ್ಬಳ ಬಳಿ ಫಿಲ್ಮಿನ ಕ್ಯಾಮೆರಾ ಇತ್ತು. ಎಷ್ಟು ಹಗುರ, ಗುಂಡಿ ಒತ್ತಿದರೆ ಮುಗಿಯಿತು, ಫಿಲ್ಮು ಯಾವ ಊರಿನಲ್ಲೂ ಸಿಗುತ್ತದೆ ಎಂದು ರಾತ್ರಿಯ ಊಟದ ಹೊತ್ತಿಗೆ ನಾನು ವರ್ಣಿಸಿದೆ. ಅಪ್ಪನಿಗೂ ಅದೇ ಸರಿ ಕಂಡಿತು. ಪಾಟ್ಲಿ ಮಾರಿದರೆ ಎರಡು ಕ್ಯಾಮೆರಾಗಳಲ್ಲಿ ಒಂದು ಬರುತ್ತದೆ; ಬೆಳೆಯುವುದನ್ನು ಕೊಳ್ಳಬೇಕೇ ಹೊರತು ಮುಗಿಯುವುದನ್ನಲ್ಲ ಎಂದು ಅವರು ತಂಗಿಗೆ ಮೃದುವಾಗಿಯೇ ಹೇಳಿದರು.

ಅತ್ತೆ ಎಲ್ಲ ಕೇಳಿ, ಫಿಲ್ಮಿನ ಚಿತ್ರ ಎಷ್ಟು ದೊಡ್ಡದಿರುತ್ತದೆ ಎಂದು ನನ್ನನ್ನು ಕೇಳಿದಳು. ನಾನು ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದೆ. ಅದನ್ನು ದೊಡ್ಡದು ಮಾಡಲು ಬೇರೆ ಯಂತ್ರ ಬೇಕು, ಆ ಯಂತ್ರಕ್ಕೆ ಕರೆಂಟು ಬೇಕು, ನಮ್ಮ ಬೀದಿಗೆ ಕರೆಂಟೇ ಇನ್ನೂ ಬಂದಿಲ್ಲ ಎಂದಳು. ಪ್ಲೇಟಾದರೆ ಅಂಗೈಗಿಂತ ದೊಡ್ಡದು. ಅದರ ಕೆಳಗೆ ಕಾಗದವಿಟ್ಟು ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಹಿಡಿದರೆ ಸಾಕು, ಅಷ್ಟೇ ದೊಡ್ಡ ಫೋಟೋ ತಯಾರು.

"ಬಿಸಿಲನ್ನ ಯಾ ಕಂಪನ್ಯಾರು ಬಂದ್ ಮಾಡ್ತಾರಣ್ಣಾ, ನಮ್ಮ ಬಳ್ಳಾರ್ಯಾಗ?" ಎಂದಳು.

ಅಪ್ಪ ನಕ್ಕರು. ಅತ್ತೆಯೂ ನಕ್ಕಳು, ಆದರೆ ಕೂಡಲೇ ಬಡಿಸುತ್ತಿದ್ದ ಪಾತ್ರೆಯ ಕಡೆ ನೋಡಿದಳು. ತಾನು ಒಂದೇ ಸಲ ಕೇಳಬಲ್ಲೆ ಎನ್ನುವುದು ಅವಳಿಗೆ ಗೊತ್ತಿತ್ತು. ಪಾಟ್ಲಿ ಹೋಗಿ, ಮರುವರ್ಷವೇ ಪ್ಲೇಟು ನಿಂತು, ಕ್ಯಾಮೆರಾ ಅಟ್ಟ ಸೇರಿದರೆ ಅವಳು ಮತ್ತೆ ಆ ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬರುವಂತಿರಲಿಲ್ಲ.

ಹಾಲಸಿದ್ದಪ್ಪನವರೇ ದಾರಿ ತೋರಿಸಿದರು. ಸ್ಟುಡಿಯೋದಲ್ಲಿ ತೆಗೆದು ನೋಡಿದರೆ ಏನೂ ತಿಳಿಯದು, ನೀನು ಕೆಲಸ ಮಾಡಬೇಕಾದದ್ದು ಹೆಂಗಸರ ಮನೆಗಳಲ್ಲಿ, ತವರೂರಿಗೆ ಒಯ್ದು ಒಂದು ದಿನ ಪರೀಕ್ಷೆ ಮಾಡಿ ಬಾ, ಒಗ್ಗದಿದ್ದರೆ ತಂದಿಟ್ಟುಬಿಡು ಎಂದರು. ಜೊತೆಗೆ ಹಳೆಯದೊಂದು ಪ್ಲೇಟಿನ ಡಬ್ಬಿಯನ್ನೂ ಕೊಟ್ಟರು.

ಆ ಕ್ಯಾಮೆರಾವನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಜೇನಿನ ಬಣ್ಣದ ಮರ, ಮೂಲೆಗಳಿಗೆ ಹಿತ್ತಾಳೆಯ ಕಟ್ಟು, ನಡುವೆ ಮಡಿಕೆ ಮಡಿಕೆಯ ಕರಿ ಚರ್ಮ. ಕಂಟೋನ್ಮೆಂಟಿನ ಬಿಳಿಯ ಅಧಿಕಾರಿಯೊಬ್ಬ ಊರು ಬಿಡುವಾಗ ಹಾಲಸಿದ್ದಪ್ಪನವರಿಗೆ ಕೊಟ್ಟು ಹೋದದ್ದು. ಅದರ ಮೂರು ಕಾಲಿನ ಸ್ಟ್ಯಾಂಡು ಆ ಎತ್ತರದ ಮನುಷ್ಯನ ಅಳತೆಗೆ ಮಾಡಿದ್ದು. ಅತ್ತೆ ಕುಳ್ಳಿ. ಊಟಕ್ಕೆ ಕೂರುವ ಮಣೆಯ ಮೇಲೆ ನಿಂತರೆ ಮಾತ್ರ ಹಿಂದಿನ ಗಾಜು ಅವಳ ಕಣ್ಣಿಗೆ ನೇರವಾಗುತ್ತಿತ್ತು. ಹಾಗಾಗಿ ಕುರುಗೋಡಿನ ಬಸ್ಸಿಗೆ ನಾವು ಕ್ಯಾಮೆರಾದ ಪೆಟ್ಟಿಗೆ, ಸ್ಟ್ಯಾಂಡು, ಕರಿಬಟ್ಟೆ, ಜೊತೆಗೊಂದು ಮಣೆ ಹೊತ್ತು ಹತ್ತಿದೆವು. ಬಸ್ಸಿನಲ್ಲಿ ಊಟವಿಲ್ಲವೆಂದು ಯಾರೋ ಚೇಷ್ಟೆ ಮಾಡಿದರು. ಕಂಡಕ್ಟರು ಮಾತ್ರ ಪೆಟ್ಟಿಗೆಯನ್ನು ಮೇಲೆ ಹಾಕಲು ಬಿಡದೆ, ತನ್ನ ಸೀಟಿನ ಮೇಲಿಟ್ಟು, ಕುರುಗೋಡಿನವರೆಗೂ ತಾನು ನಿಂತೇ ಬಂದ.

ಕುರುಗೋಡು ಅತ್ತೆಯ ತವರೂರು; ಅಲ್ಲಿ ಅವಳ ತಾಯಿ, ನನ್ನ ಅಜ್ಜಿ, ದೊಡ್ಡಪ್ಪನ ಮನೆಯಲ್ಲಿದ್ದಳು. ಹೆಂಗಸೊಬ್ಬಳು ಫೋಟೋ ತೆಗೆಯುತ್ತಾಳಂತೆ ಎಂದು ಓಣಿಯ ಹೆಣ್ಣುಮಕ್ಕಳೆಲ್ಲ ಅಂಗಳದಲ್ಲಿ ಸೇರಿದರು. ಗುಡ್ಡದ ಬಂಡೆಗಳ ಮೇಲಿನ ಬಿಸಿಲು ಗೋಡೆಗೆ ಹೊಡೆದು, ಅಂಗಳದ ನೆರಳಿನಲ್ಲಿ ಮೆತ್ತನೆಯ ಬೆಳಕಿತ್ತು. ಅತ್ತೆ ಮಣೆ ಹತ್ತಿ ಕರಿಬಟ್ಟೆಯೊಳಗೆ ತಲೆ ಹಾಕಿದಳು. ಸ್ವಲ್ಪ ಹೊತ್ತಿಗೆ ನನ್ನನ್ನೂ ಒಳಗೆ ಕರೆದಳು. ಮಬ್ಬುಗಾಜಿನ ಮೇಲೆ ಅಂಗಳ ತಲೆಕೆಳಗಾಗಿ ನಿಂತಿತ್ತು. ತುಳಸಿಕಟ್ಟೆ ಮೇಲಿನಿಂದ ಇಳಿಬಿದ್ದಿತ್ತು; ಹೆಂಗಸರು ಆಕಾಶದಲ್ಲಿ ಕಾಲೂರಿ ನಗುತ್ತಿದ್ದರು. ಅತ್ತೆಯ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಇಷ್ಟು ಬಣ್ಣ, ಇಷ್ಟು ಸ್ಪಷ್ಟ, ಕೈ ಚಾಚಿದರೆ ಸಿಕ್ಕುವಂಥ ಮುಖಗಳು. ಕಾಲೇಜಿನ ಗೆಳತಿಯ ಕ್ಯಾಮೆರಾದ ಕಿಂಡಿಯಲ್ಲಿ ಇಂಥದನ್ನು ನಾನು ಕಂಡಿರಲಿಲ್ಲ.

ಆದರೆ ಹಳೆಯ ಪ್ಲೇಟುಗಳು ಬಲು ನಿಧಾನ. ಲೆನ್ಸಿನ ಮುಚ್ಚಳ ತೆಗೆದು, ಓಂ ನಮಃ ಶಿವಾಯ ಎಂದು ಮನಸ್ಸಿನಲ್ಲಿ ಒಂದು ಸಲ ನಿಧಾನವಾಗಿ ಹೇಳಿಕೊಳ್ಳುವಷ್ಟು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಒಬ್ಬಳು ನಕ್ಕಳು, ಒಬ್ಬಳು ಸೆರಗು ಸರಿಮಾಡಿಕೊಂಡಳು, ಒಬ್ಬಳ ಕಂಕುಳ ಕೂಸು ತಿರುಗಿತು. ಎಲ್ಲರೂ ಲೆನ್ಸನ್ನು ಕಂಡೊಡನೆ ರೆಪ್ಪೆ ಬಡಿಯುವವರೇ. ಕಡೆಗೆ ಅಜ್ಜಿಯನ್ನು ಕೂರಿಸಿದೆವು. ಅಲುಗದೆ ಒಂದೇ ಕಡೆ ನೋಡಬೇಕು ಎಂದು ಅತ್ತೆ ಹೇಳಿದಳು.

ಅಜ್ಜಿ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು, ಅಂಗೈಯನ್ನೇ ನೋಡತೊಡಗಿದಳು.

ನಮ್ಮ ಮನೆತನದಲ್ಲಿ ಬೆಳಗಾದರೆ ಗಂಡಸು ಹೆಂಗಸು ಎಲ್ಲರೂ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತ ಪೂಜೆಗೆ ಕೂರುತ್ತಾರೆ. ಅಜ್ಜಿಗೆ ಅದು ಹುಡುಗಿಯಾಗಿದ್ದಾಗಿನಿಂದ ಬಂದ ಅಭ್ಯಾಸ. ಅಲುಗದೆ ಒಂದೇ ಕಡೆ ನೋಡು ಎಂದರೆ ಅವಳ ಕೈ ತಾನಾಗಿ ಮೇಲಕ್ಕೆ ಬಂದಿತ್ತು. ಲಿಂಗ ಕರಡಿಗೆಯೆಂಬ ಪುಟ್ಟ ಬೆಳ್ಳಿ ಡಬ್ಬಿಯೊಳಗೆ ಕೊರಳಲ್ಲೇ ಇತ್ತು, ಅಂಗೈ ಖಾಲಿ.

"ಯವ್ವಾ, ಪೂಜಿ ಅಲ್ಲ, ಫೋಟೋ!" ಎಂದು ದೊಡ್ಡಪ್ಪ ಕೂಗಿದರು. ಅಂಗಳವೆಲ್ಲ ನಕ್ಕಿತು. ಅಜ್ಜಿಗೆ ಏನೂ ಕೇಳಿಸಲಿಲ್ಲ. ಅತ್ತೆ ಆಗಲೇ ಮುಚ್ಚಳ ತೆಗೆದಿದ್ದಳು. ಪ್ಲೇಟು ಹಾಳಾಗಬಾರದೆಂದು ಹಾಗೆಯೇ ಮುಗಿಸಿದಳು.

ಬಳ್ಳಾರಿಗೆ ಬಂದು ಹಾಲಸಿದ್ದಪ್ಪನವರ ಕತ್ತಲೆ ಕೋಣೆಯಲ್ಲಿ ಪ್ಲೇಟುಗಳನ್ನು ತೊಳೆದಾಗ, ನಕ್ಕವಳಿಗೆ ಎರಡು ಬಾಯಿ, ಕೂಸಿಗೆ ಮುಖವೇ ಇಲ್ಲ. ಎಲ್ಲ ಮಸುಕು. ಅಜ್ಜಿಯೊಬ್ಬಳು ಮಾತ್ರ, ಹಣೆಯ ಗೆರೆ ಗೆರೆ, ವಿಭೂತಿಯ ಪುಡಿ, ಅಂಗೈಯ ಒರಟು ಕೂಡ ಎಣಿಸುವ ಹಾಗೆ ಬಂದಿದ್ದಳು.

"ಒಂದ ಬಂದೈತಿ," ಎಂದಳು ಅತ್ತೆ. "ಒಂದನ್ನ ನಂಬಿಕೊಂಡು ಬಾಳೇವು ಮಾಡಾಕ ಆಗಂಗಿಲ್ಲ ಶಿವೀ."

ಶಿವಿ ಎಂದರೆ ನಾನು, ಶಿವಬಸಮ್ಮ. ಅತ್ತೆ ಕ್ಯಾಮೆರಾವನ್ನು ತನ್ನ ಸೆರಗಿನಿಂದಲೇ ಒರೆಸಿ, ಮಡಿಕೆ ಮಡಿಕೆಯ ಧೂಳು ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಹಾಲಸಿದ್ದಪ್ಪನವರು ಅದನ್ನು ಗೂಡಿಗೆ ಸೇರಿಸದೆ ಕಣ್ಣಿಗೆ ಬೀಳುವಲ್ಲೇ ಬಿಟ್ಟಿರು ಎಂದು ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು.

ಅಜ್ಜಿಯ ಫೋಟೋವನ್ನು ಅತ್ತೆ ನಮ್ಮ ಹಿತ್ತಲಿನ ಬಿಸಿಲಿನಲ್ಲಿ ಅಚ್ಚು ಹಾಕಿ ಅಪ್ಪನಿಗೆ ಕೊಟ್ಟಳು. ಅಪ್ಪ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತಾವು ಗಡಿಯಾರ ಇಡುವ ಗೂಡಿನಲ್ಲಿ ನಿಲ್ಲಿಸಿದರು. ಗಡಿಯಾರ ಕಿಟಕಿಗೆ ಬಂತು. ಮರುದಿನ ಅವರು, ಇದೊಂದೇ ಯಾಕೆ ಬಂತು ಎಂದು ಕೇಳಿದರು. ಅವ್ವ ಅಲುಗಲಿಲ್ಲ ಎಂದಳು ಅತ್ತೆ. ಅವ್ವ ಯಾಕೆ ಅಲುಗಲಿಲ್ಲ ಎಂದು ಅಪ್ಪ ಮತ್ತೆ ಕೇಳಿದರು. ಕ್ಲಾಸಿನಲ್ಲಿ ದಡ್ಡ ಹುಡುಗನಿಗೂ ಅವರು ಉತ್ತರ ಹೇಳಿಕೊಡುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಅವತ್ತೂ ಹಾಗೆಯೇ ಅಂಗಿ ತೊಟ್ಟು ಹೊರಗೆ ಹೋದರು.

ಅತ್ತೆ ಗೂಡಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಮಾರನೆಯ ಬೆಳಿಗ್ಗೆ ಪೂಜೆಗೆ ಕೂರುವ ಮೊದಲು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ತನ್ನ ರೆಪ್ಪೆ ಬಡಿಯುತ್ತದೆಯೇ ನೋಡುತ್ತಿರು ಎಂದಳು. ನಾನು ನೋಡಿದೆ. ಓಂ ನಮಃ ಶಿವಾಯ ಒಂದು ಸಲವಲ್ಲ, ಎಷ್ಟೋ ಸಲ ಹೇಳಿಕೊಂಡೆ. ಅವಳ ಮುಖದಲ್ಲಿ ಒಂದು ಕೂದಲೂ ಅಲುಗಲಿಲ್ಲ. ಮುಖ ಬಿಗಿದುಕೊಂಡಿರಲಿಲ್ಲ, ಯಾರೋ ನೋಡುತ್ತಿದ್ದಾರೆಂಬ ಸಂಕೋಚವೂ ಇರಲಿಲ್ಲ. ಅಡುಗೆಮನೆಯ ಅತ್ತೆಗಿಂತ ಆ ಮುಖ ಎಷ್ಟು ಚೆಲುವಾಗಿತ್ತೆಂದರೆ, ಪೂಜೆ ಮುಗಿದ ಮೇಲೂ ನಾನು ಅದನ್ನೇ ನೋಡುತ್ತ ಕೂತಿದ್ದೆ.

ಅದೇ ವಾರ ಸಿರುಗುಪ್ಪದಿಂದ ಹಾಲಸಿದ್ದಪ್ಪನವರಿಗೆ ಕರೆ ಬಂತು. ಅಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ತಿಪ್ಪೇರುದ್ರಪ್ಪನವರ ಮೊಮ್ಮಗಳ ಫೋಟೋ ಆದವಾನಿಯ ಗಂಡಿನ ಕಡೆಯವರಿಗೆ ಬೇಕಾಗಿತ್ತು. ಸಣ್ಣ ಕ್ಯಾಮೆರಾದವನೊಬ್ಬ ಎರಡು ಸಲ ಬಂದು ಗುಂಡಿ ಒತ್ತಿ ಹೋಗಿದ್ದ. ಪರಗಂಡಸಿನ ಮುಂದೆ ಹುಡುಗಿ ತಲೆಯನ್ನೇ ಎತ್ತಿರಲಿಲ್ಲ. ಎರಡರಲ್ಲೂ ಬೈತಲೆ ಮಾತ್ರ ಚೆನ್ನಾಗಿ ಬಂದಿತ್ತು. ತಮ್ಮ ಕಣ್ಣು ಆಗದು, ತಮ್ಮ ಕಡೆಯಿಂದ ಚನ್ನವೀರಮ್ಮ ಬರುತ್ತಾಳೆ ಎಂದು ಹಾಲಸಿದ್ದಪ್ಪನವರು ಅತ್ತೆಯನ್ನು ಕೇಳದೆಯೇ ಹೇಳಿ ಕಳಿಸಿದ್ದರು. ಆಮೇಲೆ ಬಂದು ಕೇಳಿದರು.

ಮತ್ತೆ ಪೆಟ್ಟಿಗೆ, ಮತ್ತೆ ಮಣೆ. ಬಳ್ಳಾರಿಯ ಕಾದ ಬಂಡೆಗಳನ್ನು ದಾಟಿ ಸಿರುಗುಪ್ಪ ಹತ್ತಿರವಾದಂತೆ ಹಳೆಯ ಅರಸರ ಕಾಲದ ಕಾಲುವೆ, ಅದರ ಎರಡು ಕಡೆಗೂ ಗದ್ದೆ. ಗಿರಣಿಯ ತವುಡಿನ ವಾಸನೆ ಊರಿಗಿಂತ ಮೊದಲೇ ಎದುರಾಯಿತು.

ತಿಪ್ಪೇರುದ್ರಪ್ಪನವರ ಒಳಂಗಳದಲ್ಲಿ ಅತ್ತೆ ಗಂಡಸರನ್ನೆಲ್ಲ ಹೊರಗೆ ಕಳಿಸಿದಳು. ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಎಡ ಅಂಗೈಯನ್ನು ಪೂಜೆಗೆ ಹಿಡಿಯುವಂತೆ ಹಿಡಿದು ನೋಡು ಎಂದಳು. ಲಿಂಗ ಹೊರಗೆ ತೆಗೆಯಬೇಡ, ಅದು ನಿನ್ನದು, ಫೋಟೋಗಲ್ಲ ಎಂದೂ ಹೇಳಿದಳು. ಕೈ ಚಿತ್ರದೊಳಗೆ ಬಾರದಂತೆ ಕ್ಯಾಮೆರಾವನ್ನು ತುಸು ಮೇಲಕ್ಕೆ ತಿರುಗಿಸಿದಳು. ಹುಡುಗಿಯ ಹೆಗಲು ನಿಧಾನವಾಗಿ ಇಳಿಯಿತು, ಉಸಿರು ಸಮನಾಯಿತು. ಅತ್ತೆ ಕಾದಳು.

"ಈಗ ಕಣ್ಣ ಮಾತ್ರ ಎತ್ತವ್ವಾ," ಎಂದಳು. "ಅಂಗೈಯಾಗ ಏನ ನೋಡ್ತಿದ್ದೆಲ್ಲ, ಅದನ್ನ ಇಲ್ಲಿ ನೋಡು."

ಹುಡುಗಿ ಕಣ್ಣೆತ್ತಿದಳು. ಆ ನೋಟ ಹಾಗೆಯೇ ಮೇಲೆ ಬಂತು, ತುಂಬಿದ ತಂಬಿಗೆಯನ್ನು ತುಳುಕದ ಹಾಗೆ ಎತ್ತಿದಂತೆ. ಅತ್ತೆ ಮುಚ್ಚಳ ತೆಗೆದಳು, ಮನಸ್ಸಿನಲ್ಲೇ ಮಂತ್ರ ಮುಗಿಸಿ ಮುಚ್ಚಿದಳು. ಪ್ಲೇಟು ತೊಳೆಯುವ ಮುಂಚೆಯೇ ಅದು ಬಂದಿದೆಯೆಂದು ನಮ್ಮಿಬ್ಬರಿಗೂ ಗೊತ್ತಾಗಿತ್ತು.

ಹಿತ್ತಲ ಬಾಗಿಲಲ್ಲಿ ಗಿರಣಿಯ ಕೆಲಸದ ಮಾರೆಮ್ಮ ಮೊರದಲ್ಲಿ ಅಕ್ಕಿ ಹಿಡಿದು ನಿಂತಿದ್ದಳು. ನಾವು ಸಾಮಾನು ಕಟ್ಟುವಾಗ, ಅಲ್ಲಿಂದಲೇ ಅತ್ತೆಯನ್ನು ಕೇಳಿದಳು.

"ನಮ್ಮಂಥೋರದೂ ತಗೀತೀರೇನ್ರೀ, ಅಮ್ಮಾರ?"

ಅವಳಿಗ್ಯಾಕೆ ಎಂದು ಮನೆಯ ಹಿರಿಸೊಸೆ ಗೊಣಗಿದಳು. ಮಾರೆಮ್ಮ ಅವಳಿಗಲ್ಲ, ಅತ್ತೆಗೇ ಹೇಳಿದಳು.

"ನಮ್ಮವ್ವ ಹಂಪಮ್ಮ ಹ್ವಾದ ವರ್ಸ ಹೋದ್ಲು. ಅಕಿ ಮಾರಿ ಈಗೀಗ ನನಗ ಸರಿಯಾಗಿ ನೆನಪಿಗೆ ಬರವಲ್ದು. ನನ್ನ ಮಕ್ಕಳಿಗೆ ಹಂಗ ಆಗಬಾರ್ದು ಅಂತ ಕೇಳಿದೆ. ಆಗಂಗಿಲ್ಲಾಂದ್ರ ಬ್ಯಾಡ ಬಿಡ್ರಿ."

ಅತ್ತೆ ಕಟ್ಟಿದ್ದನ್ನು ಬಿಚ್ಚಿದಳು. ಕ್ಯಾಮೆರಾವನ್ನು ಹಿತ್ತಲಿಗೆ ಒಯ್ದು ಬೇವಿನ ನೆರಳಿನಲ್ಲಿ ನಿಲ್ಲಿಸಿದಳು. ಮಾರೆಮ್ಮನಿಗೆ ಲಿಂಗಪೂಜೆಯ ಅಭ್ಯಾಸವಿಲ್ಲ. ಕ್ಯಾಮೆರಾದ ಮುಂದೆ ಕೂತೊಡನೆ ಅವಳಿಗೆ ಎಲ್ಲಿಲ್ಲದ ನಾಚಿಕೆ. ಕೈ ಎಲ್ಲಿಡಬೇಕೆಂದೇ ತಿಳಿಯದು. ಅತ್ತೆ ಸ್ವಲ್ಪ ಯೋಚಿಸಿ, ಅವಳ ಮೊರವನ್ನೇ ಅವಳ ಮಡಿಲಿಗೆ ಇಟ್ಟಳು. ಅಕ್ಕಿಯಲ್ಲಿ ಕಲ್ಲು ಹುಡುಕು, ಫೋಟೋ ಚಿಂತೆ ಬಿಡು ಎಂದಳು. ಮಾರೆಮ್ಮನ ಬೆರಳು ಅಕ್ಕಿಯಲ್ಲಿ ಓಡಾಡಿದವು. ಕಲ್ಲೊಂದು ಕಂಡಿತು. ಕಂಡ ಕ್ಷಣ ಬೆರಳು, ಕತ್ತು, ಕಣ್ಣು ಎಲ್ಲ ನಿಂತವು. ಕಣ್ಣೆತ್ತು ಎಂದು ಅತ್ತೆ ಮೆಲ್ಲಗೆ ಹೇಳಿದಳು. ಮಾರೆಮ್ಮ ಕಣ್ಣೆತ್ತಿ, ಕ್ಯಾಮೆರಾದೊಳಗೂ ಒಂದು ಕಲ್ಲಿರಬಹುದೇನೋ ಎಂಬಂತೆ ದಿಟ್ಟಿಸಿದಳು. ಮುಚ್ಚಳ ಮತ್ತೆ ಬಿದ್ದಾಗ ಹಿರಿಸೊಸೆಯೂ ಬಾಗಿಲಿಗೆ ಬಂದು ನಿಂತಿದ್ದಳು. ಹೊರಡುವಾಗ ನಮಗೆ ಕೊಟ್ಟಂಥದೇ ಲೋಟದಲ್ಲಿ ಮಾರೆಮ್ಮನಿಗೂ ಮಜ್ಜಿಗೆ ತಂದುಕೊಟ್ಟಳು. ಅವತ್ತಿನ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ.

ಬಸ್ಸು ಅರ್ಧ ದಾರಿಗೆ ಬಂದಿತ್ತು. ಅತ್ತೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಳು.

"ಪ್ಲೇಟು ತೀರ್ತಾವ ತೀರ್ತಾವ ಅಂತ ಎಲ್ಲಾರೂ ಅದನ್ನ ನೋಡಾಕ ಹತ್ತೀವಿ," ಎಂದಳು. "ಅದಕಿಂತ ಮದ್ಲ ಮುದುಕೇರು ತೀರ್ತಾರಲ್ಲ ಶಿವೀ. ನಮ್ಮವ್ವಗ ಫಿಲ್ಮಿನ ಕ್ಯಾಮೆರಾ ಕಲ್ತು, ಮಷೀನ ತಂದು, ಕರೆಂಟ್ ಬರೋತನ ಕಾಯಿ ಅಂತ ಹೇಳಾಕ ಆಗ್ತೈತೇನು? ಇದು ಈಗ ಐತಿ. ಅಕಿನೂ ಈಗ ಅದಾಳ."

ಮನೆಗೆ ಬಂದು ಅಪ್ಪನಿಗೂ ಅದನ್ನೇ ಹೇಳಿದಳು. ಇದನ್ನೇ ಕೊಳ್ಳುತ್ತೇನೆ, ಮದರಾಸಿನಲ್ಲಿ ಉಳಿದಿರುವ ಪ್ಲೇಟುಗಳಲ್ಲಿ ಕೊಳ್ಳಲಾಗುವಷ್ಟನ್ನು ಈಗಲೇ ತರಿಸುತ್ತೇನೆ, ಅವು ಮುಗಿದ ಮೇಲೆ ಕೈಯಲ್ಲಿ ಕೆಲಸ ಇರುತ್ತದೆ, ಆಗಿನ ಕ್ಯಾಮೆರಾವನ್ನು ಆ ಕೆಲಸವೇ ಕೊಳ್ಳಲಿ ಎಂದಳು. ಅಪ್ಪನ ಎದುರು ಅವಳು ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪನ ಓದುವ ಕೋಣೆಯ ಪುಸ್ತಕಗಳೆಲ್ಲ ಪಡಸಾಲೆಯಲ್ಲಿದ್ದವು. ಅಪ್ಪ ಸ್ಟೂಲಿನ ಮೇಲೆ ನಿಂತು, ಮೈದಾ ಅಂಟು ಮೆತ್ತಿದ ಕೈಗಳಲ್ಲಿ, ಆ ಕೋಣೆಯ ಕಿಟಕಿಗೆ ಕರಿ ಕಾಗದ ಹಚ್ಚುತ್ತಿದ್ದರು. ಬೆಳಕಿನ ಗೆರೆ ಎಲ್ಲಿಯಾದರೂ ನುಸುಳುತ್ತದೆಯೇ ಎಂದು ಒಳಗೆ ನಿಂತು ನೋಡಲು ನನಗೆ ಹೇಳಿದರು. ಅಮ್ಮ ಅವತ್ತಿನಿಂದ ಬೆಳಗಿನ ಅಡುಗೆ ತನ್ನದೆಂದು ಒಲೆ ಹಚ್ಚಿಬಿಟ್ಟಳು.

ನಾವು ಪಾಟ್ಲಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬ್ರೂಸ್‌ಪೇಟೆಗೆ ಹೋದೆವು. ಹಾಲಸಿದ್ದಪ್ಪನವರ ಅಂಗಳದಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅತ್ತೆ ಇನ್ನೊಮ್ಮೆ ನೋಡಬೇಕೆಂದು, ರೂಢಿಯಂತೆ ಗೋಡೆಗೊರಗಿದ್ದ ಮಣೆಯನ್ನು ಎಳೆದುಕೊಂಡು ಹತ್ತಿದಳು. ಹತ್ತಿದವಳಿಗೆ ಗಾಜು ಕೆಳಗಾಯಿತು. ಇಳಿದಳು. ನೆಲದ ಮೇಲೆ ನಿಂತರೆ ಗಾಜು ಸರಿಯಾಗಿ ಕಣ್ಣಿನ ನೇರಕ್ಕಿತ್ತು. ಬಗ್ಗಿ ನೋಡಿದಳು. ಸ್ಟ್ಯಾಂಡಿನ ಮೂರು ಕಾಲುಗಳ ತುದಿಯಲ್ಲಿ ಹೊಸದಾಗಿ ಕೊಯ್ದ ಮರದ ಬಿಳುಪು ಕಾಣುತ್ತಿತ್ತು. ಕರಿಬಟ್ಟೆಯನ್ನೂ ಒಗೆದು, ನೆಲಕ್ಕೆ ಎಳೆಯದಂತೆ ಮಡಿಚಿ ಹೊಲಿದಿದ್ದರು.

"ಕಾಕಾ, ಕಾಲು ಕೊಯ್ಸಿಬಿಟ್ಟೀರಿ. ನಾ ಇನ್ನಾ ಏನೂ ಹೇಳೇ ಇರಲಿಲ್ಲ," ಎಂದಳು ಅತ್ತೆ. "ಬ್ಯಾಡ ಅಂದಿದ್ರ ಏನ್ ಮಾಡ್ತಿದ್ರಿ?"

"ಇನ್ನೊಬ್ಬ ಕುಳ್ಳ ಗಿರಾಕಿನ್ನ ಹುಡುಕ್ತಿದ್ದೆ," ಎಂದರು ಹಾಲಸಿದ್ದಪ್ಪನವರು.

ಅವರ ಹೆಂಡತಿ ಒಳಗಿನಿಂದಲೇ, ಹುಬ್ಬಳ್ಳಿಯವನೊಬ್ಬ ಹೆಚ್ಚಿಗೆ ಕೊಡುತ್ತೇನೆಂದು ಬಂದಿದ್ದ, ಕಾಲು ನೋಡಿ ಇದು ಮಕ್ಕಳ ಆಟಕ್ಕೇನು ಎಂದು ಹೋದ ಎಂದು ಹೇಳಿದರು. ಹಾಲಸಿದ್ದಪ್ಪನವರು ಆ ಮಾತು ಕೇಳಿಸದವರಂತೆ ಕೂತಿದ್ದರು. ಅತ್ತೆ ಗಂಟು ಬಿಚ್ಚಿ ಪಾಟ್ಲಿಯನ್ನು ಆ ತಾಯಿಯ ಕೈಗೇ ಕೊಟ್ಟಳು.

ಆಮೇಲೆ ಹಾಲಸಿದ್ದಪ್ಪನವರು, ಬರುವ ಪ್ಲೇಟುಗಳನ್ನು ಹೇಗೆ ಹೊಂದಿಸಿಕೊಳ್ಳುತ್ತೀಯ ಎಂದು ಕೇಳಿದರು. ಅತ್ತೆ ಅದನ್ನೂ ಯೋಚಿಸಿದ್ದಳು. ಯಾವ ಮನೆಗೆ ಹೋದರೂ ಮೊದಲ ಪ್ಲೇಟು ಆ ಮನೆಯ ಎಲ್ಲರಿಗಿಂತ ಹಿರಿಯರಿಗೆ, ಉಳಿದವರು ಆಮೇಲೆ.

"ಮದಿವಿ ಹುಡಿಗೇರು ಬೈತಾರವ್ವಾ."

"ಬೈಲಿ. ಅವರು ಇನ್ನಾ ಭಾಳ ದಿನ ಇರ್ತಾರ." ಅತ್ತೆ ಕ್ಯಾಮೆರಾಗೆ ಪ್ಲೇಟು ಸೇರಿಸತೊಡಗಿದಳು. "ಈ ಮನ್ಯಾಗ ಹಿರೇರು ಯಾರು, ಕಾಕಾ? ನೀವ ಅಲ್ಲೇನು? ಬರ್ರಿ, ಕುಂದರ್ರಿ."

ಊರಿನ ಎಲ್ಲರ ಫೋಟೋ ತೆಗೆದ ಮನುಷ್ಯ ತಮ್ಮದೊಂದನ್ನೂ ತೆಗೆಸಿಕೊಂಡಿರಲಿಲ್ಲ. ಬೇಡ ಬೇಡ ಎಂದರು. ಹೆಂಡತಿ ಅಷ್ಟರಲ್ಲಿ ಶಾಲು ತಂದು ಹೆಗಲಿಗೆ ಹಾಕಿಯಾಗಿತ್ತು. ಸ್ಟುಡಿಯೋದ ಎತ್ತರದ ಕುರ್ಚಿಯಲ್ಲಿ ಕೂರಿಸಿದರೆ ಅವರ ಕಾಲು ನೆಲ ಮುಟ್ಟದೆ ತೂಗಾಡಿದವು. ಎಷ್ಟೋ ವರ್ಷ ಬೇರೆಯವರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೂ ಇದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಅತ್ತೆ ತನಗೆ ಇನ್ನು ಬೇಡವಾಗಿದ್ದ ಮಣೆಯನ್ನು ತಂದು ಅವರ ಪಾದದ ಕೆಳಗೆ ಇಟ್ಟಳು.

"ಎಲ್ಲಿ ನೋಡ್ಲವ್ವಾ? ನನಗ ಅಲ್ಲಿತನ ಏನೂ ಕಾಣಂಗಿಲ್ಲ."

"ಅಂಗೈಯಾಗ ನೋಡ್ರಿ," ಎಂದಳು ಅತ್ತೆ. "ಅದು ಕಾಣ್ತೈತಿ."

ಅವರು ಎಡಗೈ ಎತ್ತಿಕೊಂಡರು. ಬೀದಿಯಲ್ಲಿ ಟಾಂಗಾ ಹೋಗುವ ಸದ್ದು ದೂರವಾಯಿತು. ಅತ್ತೆ ನೆಲದ ಮೇಲೆ ಎರಡೂ ಕಾಲೂರಿ ಗಟ್ಟಿಯಾಗಿ ನಿಂತು, ಕಣ್ಣೆತ್ತಿರಿ ಎಂದಳು, ಮುಚ್ಚಳ ತೆಗೆದಳು. ಪಕ್ಕದಲ್ಲಿ ನಿಂತಿದ್ದ ನಾನೂ ಆ ತಾಯಿಯೂ, ನಮ್ಮ ಫೋಟೋ ಅಲ್ಲದಿದ್ದರೂ, ಮುಚ್ಚಳ ಮತ್ತೆ ಬೀಳುವವರೆಗೆ ಉಸಿರು ಬಿಗಿಹಿಡಿದು ಅಲುಗದೆ ನಿಂತಿದ್ದೆವು.